ಬ್ರೇಕು ಒತ್ತಿದರೆ ವೈಪರು

ದಾವಣಗೆರೆಯಲ್ಲಿ ಬೆರಳೆಣಿಕೆಯ ಕಾರುಗಳಿದ್ದ ಕಾಲ. ನಮ್ಮ ಡಾಕ್ಟರಮ್ಮ ಹೊಸ ಕಾರು ತಗೊಂಡರು. ಅದಕ್ಕೊಂದು ವಿಚಿತ್ರ ರೋಗ. ಬ್ರೇಕು ಒತ್ತಿದರೆ ವೈಪರು ಆಡುತ್ತಿತ್ತು, ಸುಡುಬಿಸಿಲಲ್ಲೂ!

ಡ್ರೈವರ್ ಹಾಲೇಶಿ ಮೂರು ಸಲ ಶೋರೂಮಿಗೆ ಹೋದ. ಮೂರು ಸಲವೂ ಮ್ಯಾನೇಜರು ಕತ್ತೆತ್ತದೆ ಒಂದೇ ಮಾತು ಹೇಳಿದರು: "ಅದು ದೋಷ ಅಲ್ಲಪ್ಪ, ಈ ಮಾಡೆಲ್ಲಿನ ಗುಣ."

ವಾರಂಟಿ ಮುಗಿಯಲು ಎರಡೇ ದಿನ ಉಳಿದಿತ್ತು. ಹಾಲೇಶಿ ಒಂದು ಹಾರ ಹಿಡಿದು ಮತ್ತೆ ಹೋದ. ಅಲ್ಲಿ ಅಕ್ಕಿ ಗಿರಣಿಯ ಸಾಹುಕಾರರೊಬ್ಬರು ಅದೇ ಮಾಡೆಲ್ ಸವರಿ ನೋಡುತ್ತಿದ್ದರು. ಹಾಲೇಶಿ ಸೀದಾ ಹೋಗಿ ಮ್ಯಾನೇಜರ ಕೊರಳಿಗೆ ಹಾರ ಹಾಕಿದ.

"ಇದ್ಯಾಕಪ್ಪ?"

"ಬ್ರೇಕು ಒತ್ತಿದ್ರೆ ವೈಪರು ಆಡ್ತತಲ್ಲ ಸಾರ್, ಅದು ಈ ಮಾಡೆಲ್ಲಿನ ಗುಣ ಅಂತ ನೀವೇ ಅಂದ್ರಿ. ಇಂಥಾ ಗುಣವಂತ ಗಾಡಿ ಕೊಟ್ಟೋರಿಗೆ ಒಂದು ಹಾರನಾದ್ರೂ ಬೇಡ್ವಾ?"

ಸಾಹುಕಾರರು ಕಾರಿನ ಮೇಲಿಂದ ಕೈ ತೆಗೆದರು. "ಎಲ್ಲಾ ಗಾಡಿಗೂ ಐತೇನ್ರಿ ಈ ಗುಣ?"

ಮ್ಯಾನೇಜರು ಹಾರ ತೆಗೆಯುವುದನ್ನೂ ಮರೆತು ಮೆಕ್ಯಾನಿಕ್ಕನ್ನು ಕೂಗಿದರು. ಸಾಹುಕಾರರಿಗೆ ತರಿಸಿದ ಟೀ ಆರುವುದರೊಳಗೆ ರಿಪೇರಿ ಮುಗಿದಿತ್ತು.

ಆ ಕಾರೂ ಹೋಯಿತು, ಆ ಶೋರೂಮೂ ಹೋಯಿತು. ಹಾಲೇಶಿಗೆ ಈಗ ಎಪ್ಪತ್ತು. ಮಳೆ ಹನಿದರೆ ಸಾಕು, ಜಗಲಿಯ ಮೇಲೆ ಕೂತಲ್ಲೇ ಅವನ ಬಲಗಾಲು ಬ್ರೇಕು ಹುಡುಕುತ್ತದೆ.