ಮಂಜಿನ ಮೇಲಿನ ಪ್ರಭೆ

"ಗುರುಗಳೇ, ಈ ಗ್ರಂಥಕ್ಕೆ ಪ್ರಭೆ ಎಂಬ ಅರ್ಥದ ಹೆಸರನ್ನು ಏಕೆ ಇಟ್ಟರು?" ಎಂದು ಎಲ್ಯಾಕೀಮ್ ಕೇಳಿದ.

ಅವನು ಸ್ಪೇನ್ ದೇಶದ ಒಂದು ಊರಿನಲ್ಲಿ ರಬ್ಬಿ ಶೆಲ್ತಿಯೇಲ್ ಎಂಬ ಯೆಹೂದಿ ಗುರುವಿನ ಬಳಿ ದೇವರ ಗುಟ್ಟುಗಳನ್ನು ಹೇಳುವ ಆ ಗ್ರಂಥವನ್ನು ಓದುತ್ತಿದ್ದ. "ಹೆಸರಿನಲ್ಲಿ ಪ್ರಭೆ ಇದೆ. ಓದಲು ಕೂತರೆ ನನಗೆ ಬರೀ ಕತ್ತಲೆ. ಇನ್ನು ನನ್ನಿಂದಾಗದು" ಎಂದು ಗ್ರಂಥವನ್ನು ಗುರುವಿನ ಮುಂದಿಟ್ಟ.

ಗುರು ಅದನ್ನು ಮುಟ್ಟಲಿಲ್ಲ. ಕತೆಯೊಂದನ್ನು ಹೇಳಿದರು.

ಒಬ್ಬ ಮೀನುಗಾರ ತಮ್ಮನೊಡನೆ ಕಡಲಿಗೆ ಹೋಗಿದ್ದ. ಮರಳುವಾಗ ದೋಣಿಯ ತಳ ಬಂಡೆಗೆ ತಾಗಿ ನೀರು ಒಸರತೊಡಗಿತು. ಸಂಜೆಗೆ ಮೊದಲೇ ಮಂಜು ಕವಿಯಿತು. ದಡ ಯಾವ ಕಡೆ ಎಂಬುದೇ ತಿಳಿಯದಾಯಿತು. ಮಂಜು ಕವಿದಾಗಲೆಲ್ಲ ಅವನ ಹೆಂಡತಿ ದಡದ ಗುಡ್ಡದ ಮೇಲೆ ಬೆಂಕಿ ಹಾಕುತ್ತಿದ್ದಳು. ಇಬ್ಬರೂ ಅದಕ್ಕಾಗಿ ಸುತ್ತಲೂ ಹುಡುಕಿದರು.

"ಅತ್ತಿಗೆ ಬೆಂಕಿ ಹಾಕಿಲ್ಲ ಅಣ್ಣಾ," ಎಂದ ತಮ್ಮ. "ಕಾಣುವವರೆಗೆ ಕಾಯೋಣ. ದಿಕ್ಕು ತಪ್ಪಿದರೆ ನಡುಗಡಲು ಸೇರುತ್ತೇವೆ."

ನೀರು ಆಗಲೇ ಪಾದ ಮುಚ್ಚಿತ್ತು. ಮೀನುಗಾರ ಇನ್ನೊಮ್ಮೆ ನೋಡಿದ. ಎಲ್ಲಿಯೂ ಬೆಂಕಿಯಿಲ್ಲ. ಒಂದು ಕಡೆಯ ಮಂಜು ಮಾತ್ರ ತುಸು ಕೆಂಪಗಿದೆ ಎನ್ನಿಸಿತು. ಕಣ್ಣಿನ ಭ್ರಮೆಯೂ ಇರಬಹುದು.

"ನೀನು ನೀರು ಮೊಗೆದು ಚೆಲ್ಲು," ಎಂದವನೇ ಹುಟ್ಟು ಹಿಡಿದು ಆ ಕಡೆಗೆ ದೋಣಿ ತಿರುಗಿಸಿದ. ತೋಳು ಸೋತವು, ಅಂಗೈ ಸುಲಿಯಿತು. ಅವನು ನಿಲ್ಲಿಸಲಿಲ್ಲ. ಕೊನೆಗೆ ದೋಣಿಯ ಮೂತಿ ಮರಳಿಗೆ ತಾಗಿತು.

ಗುಡ್ಡದ ಮೇಲೆ ಹೆಂಡತಿ ಮೈಯೆಲ್ಲ ಮಸಿಯಾಗಿ ನಿಂತಿದ್ದಳು. ಸೌದೆ ತೀರಿದ ಮೇಲೆ ಮನೆಯ ಬಾಗಿಲನ್ನೇ ಕಿತ್ತು ತಂದು ಉರಿಗೆ ಹಾಕಿದ್ದಳು.

"ನಾಲ್ಕು ಮಾರು ಆಚೆ ನಿಂತರೆ ನನಗೇ ಬೆಂಕಿ ಕಾಣುತ್ತಿರಲಿಲ್ಲ. ನಿಮಗೆ ಹೇಗೆ ಕಂಡಿತು?" ಎಂದಳು.

"ಬೆಂಕಿ ಕಾಣಲಿಲ್ಲ," ಎಂದ ಮೀನುಗಾರ. "ಮಂಜಿನ ಮೇಲೆ ಅದರ ಪ್ರಭೆ ಬಿದ್ದಿತ್ತು. ಅಷ್ಟನ್ನೇ ನಂಬಿ ಬಂದೆವು."

ಗುರು ಕತೆ ನಿಲ್ಲಿಸಿದರು. ಎಲ್ಯಾಕೀಮ್, "ನನಗೆ ಅಷ್ಟೂ ಕಂಡಿಲ್ಲವಲ್ಲ" ಎಂದ.

ಗುರು ಗ್ರಂಥವನ್ನು ಅವನತ್ತ ಸರಿಸಿ ಕೇಳಿದರು: "ಅರ್ಥವಾಗದಿದ್ದರೂ ನೀನು ಮತ್ತೆ ಮತ್ತೆ ತೆರೆದ ಪುಟ ಯಾವುದು?"

ಎಲ್ಯಾಕೀಮ್ ಗ್ರಂಥವನ್ನು ಕೈಗೆತ್ತಿಕೊಂಡು, ಹುಡುಕದೆಯೇ ಆ ಪುಟವನ್ನು ತೆರೆದ.