ವೀರಾಜನ ಕೊರತೆಯಿಲ್ಲದ ಮನೆಗಳು

"ನಾನು ಕಟ್ಟಿಸಿದ ಮನೆಗಳಲ್ಲಿ ಒಂದೇ ಒಂದು ಕೊರತೆ ತೋರಿಸಿ, ನೋಡೋಣ!"

ಬಿಳಿಗಲ್ಲುದುರ್ಗದ ತುಂಬಿದ ಸಭೆಯಲ್ಲಿ ಹೀಗೆ ಗುಡುಗಿದವನು ವೀರಾಜ. ರಾಣಿಯ ತಮ್ಮ. ಅಂದಮೇಲೆ ಗುಡುಗದೆ ಇನ್ನೇನು ಮಾಡಿಯಾನು?

ದೊರೆ ಮಲ್ಲಣ್ಣನಾಯಕ ಹೊರಗಿನಿಂದ ನೇಕಾರರನ್ನು ಕರೆಸಿ ನೆಲೆ ಕೊಟ್ಟಿದ್ದೇ ತಡ, ದುರ್ಗದಲ್ಲಿ ಮನೆಗಳಿಗೆ ಬಂತಪ್ಪಾ ಬರ! ದನದ ಕೊಟ್ಟಿಗೆಗೂ ಬಾಡಿಗೆ ಕೇಳುವವರು ಹುಟ್ಟಿಕೊಂಡರು. ಸರಿಯಾಗಿ ಆ ಹೊತ್ತಿಗೆ ವೀರಾಜ ಬತ್ತಿದ ಹಳೇ ಕೆರೆಯಂಗಳದಲ್ಲಿ ಸಾಲಾಗಿ ಮನೆ ಎಬ್ಬಿಸಿದ, ಬೆಳ್ಳಗೆ ಸುಣ್ಣ ಬಳಿಸಿದ, ಬೆಲೆ ಹೇಳಿದ. ಬೆಲೆ ಕೇಳಿದವರು ಕುಸಿದು ಕೂತರು. ಆಮೇಲೆ ಎದ್ದು ಕೊಳ್ಳಲು ಓಡಿದರು.

ದೊರೆಯ ಆಸ್ಥಾನದ ವಿದೂಷಕ ಸಂಕಣ್ಣನಿಗೆ ಮಾತ್ರ ಈ ಮನೆಗಳ ಮೇಲೆ ಅನುಮಾನ. ಅವನ ಗೆಳೆಯ, ಅರಮನೆಯ ನಗಾರಿಯ ಈರಯ್ಯ, ಅಪ್ಪ ಕಟ್ಟಿದ ಮನೆಯನ್ನು ಆಗಲೇ ಮಾರಿಬಿಟ್ಟಿದ್ದ. ಶುಕ್ರವಾರ ಹೊಸ ಮನೆಯ ಗೃಹಪ್ರವೇಶ, ಮಾರಿ ಬಂದ ಹಣವನ್ನೆಲ್ಲ ಅವತ್ತೇ ವೀರಾಜನ ಕೈಗೆ ಸುರಿಯುವವನಿದ್ದ.

"ಕೆರೆಯ ಮಣ್ಣಿನ ಗೋಡೆ ಬಾಳಿಕೆ ಬರುತ್ತಾ ಅಂತ..." ಎಂದು ಸಂಕಣ್ಣ ಗೊಣಗಿದ.

"ಮೂವರು ಕಟ್ಟಡದ ಪಂಡಿತರು ನೋಡಿ ಭೇಷ್ ಅಂದಿದ್ದಾರೆ!" ಎಂದ ವೀರಾಜ.

ದೊರೆಗೆ ಇದು ಮೋಜೆನಿಸಿತು. "ಸಂಕಣ್ಣ, ಶುಕ್ರವಾರ ಕೊರತೆ ತೋರಿಸು. ತೋರಿಸದಿದ್ದರೆ ಅದೇ ಸಾಲಿನಲ್ಲಿ ನೀನೂ ಒಂದು ಮನೆ ಕೊಂಡು ವಾಸ ಮಾಡಬೇಕು."

"ಹೊಸ ಸುಣ್ಣ, ಭಾವ!" ಎಂದು ವೀರಾಜ ನಡುವೆ ಬಾಯಿ ಹಾಕಿದ. "ಯಾವ ನರಮನುಷ್ಯನೂ ನನ್ನ ಗೋಡೆಗೆ ಉಗುರು ತಾಗಿಸಕೂಡದು."

"ಆಗಲಿ, ನರಮನುಷ್ಯರು ಮುಟ್ಟೋದಿಲ್ಲ," ಎಂದು ಸಂಕಣ್ಣ ಕೈಮುಗಿದ.

ಸಂಜೆ ಅವನು ಈರಯ್ಯನನ್ನು ಹಿಡಿದು ಕೂರಿಸಿಕೊಂಡ. "ಸ್ವಲ್ಪ ತಡಿಯೋ ಮಾರಾಯ. ಒಂದು ಮಳೆ ಹೊಯ್ಯಲಿ, ಮಾರನೇ ದಿನ ಹೋಗಿ ಗೋಡೆಯ ಬುಡ ನೋಡು. ಬಾವಿ ನೀರು ಬಾಯಿಗೆ ಹಾಕಿ ನೋಡು."

"ಮಳೆ ಬರೋವರೆಗೂ ಮನೆ ನಂಗೋಸ್ಕರ ಕಾದಿರುತ್ತಾ? ವೀರಾಜಪ್ಪನವರು ಇವತ್ತು ಬಿಟ್ರೆ ನಾಳೆ ಇಲ್ಲ ಅಂದವ್ರೆ."

"ಅವರು ಅವಸರ ಮಾಡಿದಷ್ಟೂ ನೀನು ನಿಧಾನ ಮಾಡಬೇಕಪ್ಪ."

"ನಾನೂ ಅದನ್ನೇ ಬಡ್ಕೊಂಡೆ ಸಂಕಣ್ಣೋರೆ," ಎಂದಳು ಒಳಗಿನಿಂದ ಈರಯ್ಯನ ಹೆಂಡತಿ ಸಿದ್ದಮ್ಮ. "ದಿನಾ ನಗಾರಿ ಬಾರಿಸೋರ ಕಿವಿ. ನನ್ನ ಮಾತು ಎಲ್ಲಿ ಕೇಳಿಸುತ್ತೆ?"

ಬೇಜಾರಾಗಿ ಸಂಕಣ್ಣ ಕೆರೆಯಂಗಳದ ಕಡೆ ಹೊರಟ. ಅಲ್ಲಿ ಖಾಲಿ ಮನೆಗಳ ಹಿಂದೆ ಒಬ್ಬ ಕಾವಲುಗಾರ ಬಡಿಗೆ ಹಿಡಿದು ಓಡಾಡುತ್ತಿದ್ದ.

"ಏನಪ್ಪಾ, ಕಳ್ಳರ ಕಾಟವಾ?"

"ಕಳ್ಳರಿಗೆ ಇಲ್ಲೇನೈತೆ ಸ್ವಾಮಿ? ದನದ ಕಾಟ. ಮೇದು ಬರೋವೆಲ್ಲ ಈ ಗೋಡೆಗೇ ಬಂದು ನಿಲ್ತವೆ. ಒಂದೂ ಹತ್ರ ಸುಳೀಬಾರ್ದು ಅಂತ ಧಣಿಗಳ ಅಪ್ಪಣೆ."

"ಅಯ್ಯೋ ಪಾಪ," ಎಂದ ಸಂಕಣ್ಣ. ದನಕ್ಕೆ ಪಾಪ ಅಂದನೋ, ವೀರಾಜನಿಗೆ ಅಂದನೋ, ಕಾವಲುಗಾರನಿಗೆ ತಿಳಿಯಲಿಲ್ಲ. ಅಲ್ಲಿಂದ ನೆಟ್ಟಗೆ ಗೊಲ್ಲರ ಕೇರಿಗೆ ಹೋದ ಸಂಕಣ್ಣ ಒಂದು ಹಸುವನ್ನು ಗೊತ್ತುಮಾಡಿ, ಶುಕ್ರವಾರದವರೆಗೆ ಅದರ ಕಲಗಚ್ಚಿನ ಬಾನಿಗೆ ಉಪ್ಪು ಹಾಕಬೇಡಿ ಎಂದು ಹೇಳಿ ಬಂದ.

ಶುಕ್ರವಾರ ಬಂತು. ಈರಯ್ಯನ ಹೊಸ ಮನೆಯ ಚಪ್ಪರದಲ್ಲಿ ಮೂವರು ಪಂಡಿತರು ಬೆಳಗಿನಿಂದ ವೀರಾಜನ ಹೋಳಿಗೆ ತುಪ್ಪ ಬಾರಿಸಿ, ವೀಳ್ಯ ಮೆಲ್ಲುತ್ತ ದೊರೆಗೆ ಗೋಡೆ ತೋರಿಸಿದರು. "ಕಬ್ಬಿಣ, ಮಹಾಪ್ರಭು, ಕಬ್ಬಿಣ!"

"ಗೋಪ್ರವೇಶ ಆಗಲಿ," ಎಂದರು ಪುರೋಹಿತರು.

ಹಣೆಗೆ ಅರಿಶಿನ ಕುಂಕುಮ ಹಚ್ಚಿದ ಹಸುವನ್ನು ಹಿಡಿದುಕೊಂಡು ಸಂಕಣ್ಣ ಮುಂದೆ ಬಂದ. ವೀರಾಜನ ಮುಖ ಇಂಗು ತಿಂದ ಮಂಗನ ಹಾಗಾಯಿತು. ಆದರೆ ಇಡೀ ಊರಿನೆದುರು, ಗೃಹಪ್ರವೇಶದ ಹಸುವನ್ನು ಹೊಸ್ತಿಲಲ್ಲಿ ತಡೆಯುವ ಗಂಡು ಯಾರಿದ್ದಾನೆ?

ಹಸು ಹೊಸ್ತಿಲು ದಾಟಿತು. ನಡುಮನೆಯ ಗೋಡೆಯನ್ನು ಮೂಸಿತು. ನಾಲಗೆ ಚಾಚಿ ಸರಕ್ಕನೆ ನೆಕ್ಕಿತು. ಮತ್ತೆ ನೆಕ್ಕಿತು.

"ಗೋಮಾತೆಗೆ ಮನೆ ಹಿಡಿಸಿದೆ," ಎಂದರು ಪುರೋಹಿತರು.

ಸುಣ್ಣ ಹೋಯಿತು. ಅದರಡಿಯ ಮಣ್ಣು ಬೂದಿಯಂತೆ ಉದುರತೊಡಗಿತು. ಹಸು ಅಲುಗಲಿಲ್ಲ.

"ಎಳೀರೋ ಅದನ್ನ ಆಚೆ!" ಎಂದು ಕಿರುಚಿದ ವೀರಾಜ.

"ಶಾಂತಂ ಪಾಪಂ! ಮಂಗಳಕಾರ್ಯದಲ್ಲಿ ಹಸುವನ್ನು ಎಳೆಯೋದುಂಟೇ?" ಎಂದರು ಪುರೋಹಿತರು.

ಅಷ್ಟರಲ್ಲಿ ಗೋಡೆಯಿಂದ ದೊಡ್ಡದೊಂದು ಹೆಂಟೆ ಧೊಪ್ಪನೆ ಬಿತ್ತು. ದೊರೆ ಬಗ್ಗಿ, ಒಂದು ಚಿಟಿಕೆ ಪುಡಿ ಎತ್ತಿ ನಾಲಗೆಗಿಟ್ಟುಕೊಂಡು ಮುಖ ಕಿವುಚಿದ. "ಥೂ! ಉಪ್ಪು!"

"ಚೌಳುಮಣ್ಣು ದೊರೆಗಳೇ," ಎಂದ ಸಂಕಣ್ಣ. "ಮಳೆಗಾಲದ ತೇವ ಕುಡಿದರೆ ಗೋಡೆ ಪೂರಾ ಹೀಗೇ ಉದುರುತ್ತೆ, ಒಳಗೆ ಮಲಗಿದವರ ಮೇಲೆ."

ಈರಯ್ಯ ಗೋಡೆಯಿಂದ ಎರಡು ಹೆಜ್ಜೆ ಹಿಂದೆ ಸರಿದ. ಸಿದ್ದಮ್ಮ ಬಂದು ಗಂಡನ ಕಂಕುಳಲ್ಲಿದ್ದ ಹಣದ ಗಂಟನ್ನು ಕಿತ್ತು ಸೆರಗಿನಲ್ಲಿ ಕಟ್ಟಿಕೊಂಡಳು.

ಕೊಂಡವರಿಗೆಲ್ಲ ಹಣ ವಾಪಸು, ಗೋಡೆಗಳೆಲ್ಲ ನೆಲಸಮ, ಗಟ್ಟಿ ಕೆಮ್ಮಣ್ಣು ತರಿಸಿ ದಿಬ್ಬದ ಮೇಲೆ ಮತ್ತೆ ಕಟ್ಟುವುದು ವೀರಾಜನ ಖರ್ಚು: ದೊರೆ ನಿಂತಲ್ಲೇ ಅಪ್ಪಣೆ ಕೊಟ್ಟ. ರಾಣಿ ಬೇರೆ ಕಡೆ ನೋಡುತ್ತಿದ್ದಳು.

"ಅನ್ಯಾಯ, ಭಾವ!" ಎಂದು ವೀರಾಜ ಅಲವತ್ತುಕೊಂಡ. "ಮೂವರು ಪಂಡಿತರಿಗೆ ಕಾಣದ್ದು ಒಂದು ದನಕ್ಕೆ ಕಂಡಿತಂತೆ!"

"ಅದು ನನಗೂ ಅರ್ಥವಾಗಲಿಲ್ಲ. ಅದು ಹೇಗೆ ಸಂಕಣ್ಣ?" ಎಂದ ದೊರೆ.

ಸಂಕಣ್ಣ ಹಸುವಿನ ಬೆನ್ನು ಸವರಿದ.

"ಅದರಲ್ಲೇನಿದೆ ಮಹಾಪ್ರಭು? ಅವರು ಊಟ ಮುಗಿಸಿ ಗೋಡೆ ನೋಡಿದರು. ಇವಳು ಗೋಡೆ ನೋಡಿ ಊಟಕ್ಕೆ ಶುರುಮಾಡಿದಳು."