ಮೂವತ್ತು ಜೋಡಿ ಕಟ್ಟೆಯ ಕಡೆಗೆ

“ಗುರುಗಳೇ, ಕೆಲವರು ಹಲವರನ್ನು ಗೆಲ್ಲುವುದು ಕತೆಯಲ್ಲಿ ಮಾತ್ರ ಅಲ್ಲವೇ?” ಎಂದು ಶಿಷ್ಯನೊಬ್ಬ ಕೇಳಿದ. ಲೆಕ್ಕದಲ್ಲಿ ತಾನು ಗಟ್ಟಿಗ ಎಂಬ ಹೆಮ್ಮೆ ಅವನಿಗಿತ್ತು.

“ಕತೆಯನ್ನೇ ಹೇಳುತ್ತೇನೆ, ಕೂತುಕೋ. ಲೆಕ್ಕ ನೀನು ಮಾಡು” ಎಂದು ಗುರುಗಳು ಹೇಳತೊಡಗಿದರು.

ಒಂದು ಸಣ್ಣ ದೇಶ. ಅದರ ವಾಯುಪಡೆಯಲ್ಲಿ ಇದ್ದದ್ದು ಹನ್ನೆರಡು ವಿಮಾನ. ದಂಡೆತ್ತಿ ಬಂದ ದೊಡ್ಡ ದೇಶದ ಬಳಿ ನೂರು. ಇಡೀ ದಿನ ಆಕಾಶದಲ್ಲಿ ಕಾವಲು ಸುತ್ತಿಸೋಣವೆಂದರೆ ಮೂರೇ ದಿನಕ್ಕೆ ಪೆಟ್ರೋಲು ಖಾಲಿಯಾಗುತ್ತಿತ್ತು. ಆದ್ದರಿಂದ ದಳಪತಿ ವಿಮಾನಗಳನ್ನು ನೆಲದ ಮೇಲೇ ನಿಲ್ಲಿಸಿದ. ಗಡಿಯ ಗುಡ್ಡಗಳ ಮೇಲೆ ಒಬ್ಬೊಬ್ಬರನ್ನು ಕೂರಿಸಿ ಟೆಲಿಫೋನು ಕೊಟ್ಟ. ಶತ್ರು ವಿಮಾನ ಎಷ್ಟು, ಯಾವ ಕಡೆಗೆ ಹೊರಟಿವೆ, ಇಷ್ಟನ್ನೇ ಹೇಳಬೇಕು. ಹೆಚ್ಚು ವಿಮಾನ ಎತ್ತ ಹೋಗುತ್ತವೋ ಅತ್ತ ಹನ್ನೆರಡೂ ಒಟ್ಟಿಗೆ ಏರುತ್ತಿದ್ದವು. ಹಂಚಿ ಕಳಿಸುವಷ್ಟು ಇರಲಿಲ್ಲ.

ಮೊದಲ ದಿನವೇ ಎಡವಟ್ಟಾಯಿತು. ಕಾವಲಿಗೆ ಕೂತ ವ್ಯಾಪಾರಿಯೊಬ್ಬ ಹತ್ತು ವಿಮಾನ ಕಂಡು, ಹೆದರಿ, ಎಪ್ಪತ್ತು ಎಂದ. ಹನ್ನೆರಡೂ ಅತ್ತ ಹಾರಿದವು. ಶತ್ರುಗಳು ಇತ್ತ ಬಂದು ರೈಲು ನಿಲ್ದಾಣವನ್ನು ಸುಟ್ಟರು. ದಳಪತಿ ಗುಡ್ಡ ಹತ್ತಿ ಹೋದ, ಆದರೆ ಬೈಯಲಿಲ್ಲ. “ಕಣ್ಣಿಗೆ ಕಂಡದ್ದು ಹೇಳಪ್ಪ, ಹೆದರಿಕೆಗೆ ಕಂಡದ್ದು ಬೇಡ” ಎಂದು ಅವನನ್ನು ಮನೆಗೆ ಕಳಿಸಿದ.

ಆ ಜಾಗಕ್ಕೆ ಒಬ್ಬ ಕುರಿಗಾಹಿ ಹೆಂಗಸು ಬಂದಳು. ಬೆಳಿಗ್ಗೆ ದೊಡ್ಡಿಯ ಬಾಗಿಲು ತೆಗೆದರೆ ಕುರಿಗಳು ಒಂದರ ಮೇಲೊಂದು ನುಗ್ಗುತ್ತವೆ. ಅವನ್ನು ಜೋಡಿ ಜೋಡಿಯಾಗಿ ಎಣಿಸಿ ಅವಳು ಒಮ್ಮೆಯೂ ತಪ್ಪಿದವಳಲ್ಲ. ಗುಡ್ಡದ ಬುಡದಲ್ಲೇ ಅವಳ ಊರು. ಊರಲ್ಲಿ ಅವಳ ಮಗಳು, ಒಂಬತ್ತು ದಿನದ ಬಾಣಂತಿ.

ಐದನೆಯ ದಿನ ಮಧ್ಯಾಹ್ನ ತೊಂಬತ್ತು ವಿಮಾನ ಒಟ್ಟಿಗೆ ಬಂದವು. ಸರಿಯಾಗಿ ಅವಳ ತಲೆಯ ಮೇಲೆ ಎರಡು ಪಾಲಾದವು. ಅವಳು ಎಣಿಸಿ ಟೆಲಿಫೋನು ಎತ್ತಿದಳು.

“ಹದಿನೈದು ಜೋಡಿ ನಮ್ಮೂರ ಕಡಿಗೆ ಹೊಂಟಾವ. ಮೂವತ್ತು ಜೋಡಿ ಅಣೆಕಟ್ಟಿ ಕಡಿಗೆ.”

ಆ ತುದಿಯಲ್ಲಿ ದಳಪತಿಯೇ ಇದ್ದ. ಅವಳ ಊರು ಯಾವುದೆಂದು ಅವನಿಗೆ ಗೊತ್ತಿತ್ತು. “ತಾಯಿ, ಇನ್ನೊಮ್ಮೆ ನೋಡಿ ಹೇಳಿ” ಎಂದ.

“ನೋಡೇ ಹೇಳೀನ್ರಿ. ಮೂವತ್ತು ಜೋಡಿ ಕಟ್ಟಿ ಕಡಿಗೆ.”

ಎರಡು ಅಂಕಿಗಳನ್ನು ಅದಲುಬದಲು ಮಾಡಿದ್ದರೆ ಸಾಕಿತ್ತು, ಹನ್ನೆರಡೂ ಅವಳ ಊರಿನ ಮೇಲೆ ಬಂದು ನಿಲ್ಲುತ್ತಿದ್ದವು. 

ಊರಲ್ಲಿ ಹೊಗೆ ಎದ್ದರೆ ಎಲ್ಲರೂ ಅಲ್ಲಿಗೇ ಓಡುತ್ತಾರೆ ಎಂದು ಶತ್ರುಗಳು ನಂಬಿದ್ದರು. ಅಣೆಕಟ್ಟಿನ ಮೇಲೆ, ಸೂರ್ಯನನ್ನು ಬೆನ್ನಿಗಿಟ್ಟುಕೊಂಡು ಹನ್ನೆರಡು ವಿಮಾನ ಕಾದಿದ್ದವು. ಅರವತ್ತರ ಸಾಲು ಚೆಲ್ಲಾಪಿಲ್ಲಿಯಾಯಿತು. ಹನ್ನೆರಡೂ ಇಳಿದವು, ಚಾಲಕರು ಕೂತಲ್ಲೇ ನೀರು ಕುಡಿದರು, ಪೆಟ್ರೋಲು ತುಂಬಿದ್ದೇ ತಡ ಮತ್ತೆ ಏರಿದರು. ಹೊತ್ತು ಮುಳುಗುವುದರೊಳಗೆ ನಾಲ್ಕು ಸಲ. ಮೂರು ವಿಮಾನ ತಿರುಗಿ ಬರಲಿಲ್ಲ. ಅಣೆಕಟ್ಟು ಉಳಿಯಿತು. ಅದರ ಕೆಳಗಿನ ನಲವತ್ತು ಹಳ್ಳಿಗಳು ಉಳಿದವು.

ವಾರ ಕಳೆದು ದೊಡ್ಡ ದೇಶ ಸಂಧಿಗೆ ಬಂತು. ಅದರ ಸೇನಾನಿ ಸಣ್ಣ ದೇಶದ ವಿಮಾನಗಳನ್ನು ನೋಡಬೇಕೆಂದ. ಒಂಬತ್ತನ್ನು ತೋರಿಸಿದರು. “ಉಳಿದವುಗಳನ್ನು ಎಲ್ಲಿ ಬಚ್ಚಿಟ್ಟಿದ್ದೀರಿ?” ಎಂದ. ಇರುವುದೇ ಇಷ್ಟು ಎಂದು ತಿಳಿದಾಗ ಅವನು ತಲೆಯ ಮೇಲಿನ ಟೋಪಿ ತೆಗೆದ.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯ ಲೆಕ್ಕವನ್ನು ಮರೆತಿದ್ದ.

“ಗುರುಗಳೇ, ಅವಳ ಮಗಳು?” ಎಂದ.

“ಮಗಳೂ ಮಗುವೂ ಉಳಿದರು, ಅಳಿಯ ಉಳಿಯಲಿಲ್ಲ, ಆದರೆ ಎರಡನೆಯ ಸಲ ‘ಕಟ್ಟಿ ಕಡಿಗೆ’ ಎಂದಾಗ ಅವಳಿಗೆ ಇದು ಯಾವುದೂ ಗೊತ್ತಿರಲಿಲ್ಲ.”